ಗೋಡೆಯಾಚೆಯ ದನಿ

ಅಮ್ಮಾ,

ನೀನಿಲ್ಲದ ಮೇಲೆ ಈ ಪತ್ರಕ್ಕೆ ವಿಳಾಸವಿಲ್ಲ; ಆದರೂ ತಿಳಿಸದೆ ಇರಲಾರೆ.

ಇಂದು ಗಾರೆಯವನು ನಿನ್ನ ಕೋಣೆಯ ಬೀರುವನ್ನು ಸರಿಸಿದಾಗ, ಇಟ್ಟಿಗೆಯಿಂದ ಮುಚ್ಚಿದ ಬಾಗಿಲೊಂದು ಕಂಡಿತು. ಕೆಡವಿಸಿದೆ. ಒಳಗೆ ಕಿಟಕಿಯಿಲ್ಲದ ಕಿರುಕೋಣೆ, ಗಿಡ್ಡ ಮಂಚ, ಹಲ್ಲು ಮುರಿದ ಬಾಚಣಿಗೆ. ಅದರ ಆಚೆಗೋಡೆಗೆ ಅಂಟಿಕೊಂಡೇ ನಾನು ಬಾಲ್ಯದಲ್ಲಿ ಓದುತ್ತಿದ್ದ ಕೋಣೆ.

ಚಿಕ್ಕಮ್ಮನನ್ನು ಕರೆಸಿದೆ. ಅವಳು ಹೊಸ್ತಿಲು ದಾಟಲಿಲ್ಲ.

“ನಿನ್ನ ಅಕ್ಕ ಕಣೋ. ಕಾಲಲ್ಲಿ ಸ್ವಾಧೀನ ಇರಲಿಲ್ಲ. ನಾಲ್ಕು ಜನ ನೋಡಿದ್ರೆ ಮಾನ ಹೋಗುತ್ತೆ ಅಂತ ನಿಮ್ಮಪ್ಪ ಬಚ್ಚಿಟ್ರು. ನೀನು ಓದ್ತಿದ್ದೆಯಲ್ಲ, ಅದೇ ಅವಳಿಗೆ ಸ್ಕೂಲು.”

ಗೋಡೆಯ ಕಡೆ ಮುಖ ಮಾಡಿ ಗಟ್ಟಿಯಾಗಿ ಓದೆಂದು ನೀನು ಹೇಳುತ್ತಿದ್ದೆ. ನಾನು ಓದಿದ ಸಾಲು ಕೊಂಚ ತಡವಾಗಿ, ಮೆಲ್ಲಗೆ ಮರಳಿ ಬರುತ್ತಿತ್ತು. ಪ್ರತಿಧ್ವನಿ ಎಂದು ನೀನು ಹೇಳಿದೆ, ನಾನು ನಂಬಿದೆ. ಊರಿಗೆಲ್ಲ ಜ್ವರ ಬಂದ ವರ್ಷ ಅದು ನಿಂತುಹೋಯಿತು. “ಗೋಡೆಗೂ ವಯಸ್ಸಾಯ್ತು ಮಗಾ” ಎಂದು ಹೇಳಿ ನೀನು ಒಲೆಯ ಕಡೆ ತಿರುಗಿಕೊಂಡೆ.

“ಹೆಸರೇನಿಟ್ಟಿದ್ರು?” ಎಂದು ಚಿಕ್ಕಮ್ಮನನ್ನು ಕೇಳಿದೆ.

“ನಿಮ್ಮಮ್ಮ ಒಬ್ಬಳೇ ಹೆಸರಿಡಿದು ಕರೀತಿದ್ಲು. ನಮಗ್ಯಾರಿಗೂ ಹೇಳಲಿಲ್ಲಪ್ಪ.”

ಎಲ್ಲರೂ ಹೋದ ಮೇಲೆ ಆ ಮಂಚದ ಬಳಿ ನಿಂತೆ. ಜೀವನವೆಲ್ಲ ಮಕ್ಕಳ ಹಾಜರಿ ಕೂಗಿದ ನಾನು, ಅವಳನ್ನು ಕೂಗಲಾರದೆ ಹೊರಬಂದೆ.