ತಿಳಿಗುಲಾಬಿ ಜಿಲ್ಲೆ

ಮಾರ್ಚ್ ೧೧, ಮಂಗಳವಾರ

ನನ್ನ ಬಾಯಿಬಡುಕಿ ತಂಗಿಗೆ,

ಅಕ್ಕನ ಆಶೀರ್ವಾದಗಳು, ತಡವಾಗಿ. ನಿನ್ನ ಮೂರು ಪತ್ರಗಳೂ ಕೈಸೇರಿವೆ. ಎಂಟು ತಿಂಗಳು ಉತ್ತರ ಬರೆಯದೆ ಕೂತಿದ್ದು ಕೆಲಸದಿಂದಲ್ಲ, ಹಟದಿಂದ. ಐವತ್ತೆರಡನೇ ವಯಸ್ಸಿಗೆ ನೀನು ಮದುವೆಯಾಗಿ ಹೊರಟಾಗ ನಾನು ಬಾಗಿಲ ತನಕವೂ ಬರಲಿಲ್ಲ. ತಪ್ಪು ನನ್ನದೇ. ಕ್ಷಮಿಸು, ಒಮ್ಮೆ ಮನೆಗೆ ಬಾ ಎಂದು ಕೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಆಫೀಸಿನಲ್ಲಿ ಈ ವರ್ಷ ಚರ್ಮದ ಕ್ಯಾನ್ಸರಿನ ನಕ್ಷೆ ನನ್ನ ಪಾಲಿಗೆ ಬಂತು. ಆಸ್ಪತ್ರೆಗಳಿಂದ ಬರುವ ಫಾರಂಗಳನ್ನು ಜಿಲ್ಲಾವಾರು ಎಣಿಸಿ ಬಣ್ಣ ತುಂಬುವ ಕೆಲಸ. ರೋಗ ಹೆಚ್ಚಿದ್ದಲ್ಲಿ ಕಡುಗೆಂಪು, ಕಡಿಮೆಯಿದ್ದಲ್ಲಿ ತಿಳಿಗುಲಾಬಿ. ನಿಮ್ಮ ಸಮುದ್ರದ ಜಿಲ್ಲೆ ಕೆಂಪಗೆ ಉರಿಯುತ್ತಿದೆ ಮಾರಾಯ್ತಿ! ದಿನವಿಡೀ ಬಿಸಿಲಲ್ಲಿ ದೋಣಿ ರಿಪೇರಿ ಮಾಡುವ ನಿನ್ನ ಯಜಮಾನರಿಗೆ ಟೋಪಿ ಹಾಕಿಸು. ಟೋಪಿ ಹಾಕುವುದರಲ್ಲಿ ನಿನ್ನ ಕೈ ಪಳಗಿದೆ ಎಂಬುದು ನನಗೆ ಗೊತ್ತು.

ನಮ್ಮ ಮೋಡದ ಜಿಲ್ಲೆ ತಿಳಿಗುಲಾಬಿ. ಆದರೆ ಮೊನ್ನೆ ಸಾಹೇಬರು, "ಇದೇನ್ರೀ, ಇಲ್ಲಿ ಕಾಯಿಲೆ ಬರೋದೇ ಕಮ್ಮಿ. ಬಂದೋರು ಮಾತ್ರ ಯಾಕೆ ಇಷ್ಟು ಲೇಟಾಗಿ ಆಸ್ಪತ್ರೆಗೆ ಹೋಗ್ತಾರೆ?" ಎಂದು ಕೇಳಿದರು. ಫಾರಂಗಳನ್ನೆಲ್ಲ ಮತ್ತೆ ತಿರುವಿ ಹಾಕಿದೆ. 'ಮಚ್ಚೆಯನ್ನು ಮೊದಲು ಗಮನಿಸಿದವರು' ಎಂಬ ಕಲಂ ಒಂದಿದೆ. ನಿಮ್ಮ ಕಡೆ ಹೆಂಡತಿ, ಮಗಳು, ಕ್ಷೌರದವನು, ಜೊತೆಗೆ ಈಜುವವರು. ಇಲ್ಲಿ ನಾವೆಲ್ಲ ಸ್ವೆಟರಿನೊಳಗೆ. ಎಷ್ಟೋ ಫಾರಂಗಳಲ್ಲಿ ಒಂದೇ ಉತ್ತರ: 'ಸ್ವತಃ, ರಕ್ತ ಬಂದ ಮೇಲೆ.' ವಿಳಾಸ ಹಿಡಿದು ವಿಚಾರಿಸಿದರೆ ಮುಕ್ಕಾಲು ಪಾಲು ಒಂಟಿ ಜನ. "ನೋಡೋರಿಲ್ಲ ಸಾರ್, ಅಷ್ಟೇ," ಎಂದೆ. ವರದಿಯಲ್ಲಿ ಹಾಗೆಲ್ಲ ಬರೆಯಲಾಗದು ಎಂದರು.

ಮನೆ ಬಿಕೋ ಎನ್ನುತ್ತಿದೆ. ಮೊದಲು ನಿನ್ನ ಮಾತಿಗೆ ತಲೆಚಿಟ್ಟು ಹಿಡಿಯುತ್ತಿತ್ತು. ಈಗ ನಾನೇ ರೇಡಿಯೋ ಜೊತೆ ವಾದಕ್ಕಿಳಿಯುತ್ತೇನೆ, ಅದರಲ್ಲೂ ಸೋಲುತ್ತೇನೆ. ಅಂದು ನಿನ್ನನ್ನು ಕರೆದೊಯ್ಯಲು ಬಂದ ನಿನ್ನ ಯಜಮಾನರನ್ನು ಒಳಗೆ ಬನ್ನಿ ಎನ್ನಲಿಲ್ಲ. ಅದು ಈಗಲೂ ಚುಚ್ಚುತ್ತದೆ. ಅವರಿಗೆ ನನ್ನ ನಮಸ್ಕಾರ ಹೇಳು. ಇಬ್ಬರೂ ನೂರು ಕಾಲ ಚೆನ್ನಾಗಿರಿ.

ನಿನ್ನ ಹಟಮಾರಿ
ಅಕ್ಕ

ತಾ.ಕ.: ಈ ತಿಂಗಳ ಫಾರಂಗಳಲ್ಲಿ ಒಂದು ನನ್ನದೇ. ಎಡ ಭುಜದ ಹಿಂದೆ. ಇಪ್ಪತ್ತನೇ ತಾರೀಕು, ಗುರುವಾರ ಆಪರೇಷನ್. ಆಮೇಲೆ ದಿನ ಬಿಟ್ಟು ದಿನ ಬ್ಯಾಂಡೇಜ್ ಬದಲಿಸಬೇಕಂತೆ. ಅಲ್ಲಿಗೆ ನನ್ನ ಕೈ ಎಟುಕುವುದಿಲ್ಲ. "ಮನೇಲಿ ಯಾರಿದ್ದಾರೆ?" ಎಂದು ನರ್ಸ್ ಕೇಳಿದಳು. "ತಂಗಿ ಇದ್ದಾಳೆ," ಅಂದುಬಿಟ್ಟೆ.