ಹೆಲ್ಮೆಟ್ಟಿನೊಳಗಿನ ಹೊಳೆ

ಹರಿಹರ, ೧೨-೩-೧೯೯೯

ಭಾವ ಶಿವಯೋಗಪ್ಪನವರಿಗೆ ನಮಸ್ಕಾರಗಳು.

ಸ್ಕೂಟರ್ ಇಲ್ಲದ ನಾನು ನಿನ್ನೆ ದಾವಣಗೆರೆಯಲ್ಲಿ ಹೆಲ್ಮೆಟ್ ಧರಿಸಿದೆನೆಂದು ಸಮಸ್ತ ಬಂಧುಬಳಗಕ್ಕೆ ಈ ಮೂಲಕ ಘೋಷಿಸುತ್ತೇನೆ.

ನಮ್ಮ ವಾಣಿಗೆ ನೀವು ನೋಡಿದ ವರ ಮಹಾಂತೇಶನ ವಿಡಿಯೋ ಗೇಮ್ ಅಂಗಡಿಯನ್ನು ಗುಟ್ಟಾಗಿ ಪರೀಕ್ಷಿಸಲು ಹೋಗಿದ್ದೆ. ವರ್ಚುವಲ್ ರಿಯಾಲಿಟಿ ಎಂಬ ಆಟದ ಆ ಹೆಲ್ಮೆಟ್ಟು ಕಣ್ಣನ್ನೂ ಮುಚ್ಚಿ ಬೇರೆ ಲೋಕ ತೋರಿಸುತ್ತದೆ. “ಮುಂದೆ ಇದು ಮನೆಮನೆಗೂ ಬರ್ತೈತ್ರಿ” ಎಂದ ಮಹಾಂತೇಶ. ಹಾಗಾದರೆ ಇವನ ಅಂಗಡಿಗೆ ಬರುವವರು ಯಾರು? ನನಗೆ ಅನುಮಾನವೇ.

ಅಷ್ಟರಲ್ಲಿ ಹೆಲ್ಮೆಟ್ಟಿನೊಳಗೆ ಹೊಳೆ ಎದುರಾಯಿತು. ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ ಇಳಿದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವನೊಬ್ಬ ನಗದೆ ಕೈಹಿಡಿದು, “ನಿಧಾನ ಮಾವ್ರೆ, ಇಲ್ಲಿ ಸೆಳವು ಜಾಸ್ತಿ ಐತೆ” ಎಂದು ದಡ ಮುಟ್ಟಿಸಿದ. ನಾನ್ಯಾರೆಂದು ಹೇಳಿರಲೇ ಇಲ್ಲ. ಹೇಳಿದವರು ನೀವೇ ಎಂದು ನನ್ನ ಗುಮಾನಿ.

ಇರಲಿ. ನಾಚಿಕೆಯಲ್ಲಿ ಬರಿಗಾಲಲ್ಲೇ ಬಂದುಬಿಟ್ಟೆ. ಅಂಗಡಿಯಲ್ಲೇ ಉಳಿದ ಚಪ್ಪಲಿಯನ್ನು ನೀವು ತರಬೇಡಿ, ಸೋಮವಾರ ಅವನ ಕೈಯಲ್ಲೇ ಕಳಿಸಿ. ವಾಣಿ ಮನೆಯಲ್ಲಿರುತ್ತಾಳೆ.

ಇಂತಿ,
ಬಕ್ಕಪ್ಪ