ಕೆಳಗಿಳಿಯದ ತುತ್ತು

ಅಣ್ಣಾ,

ನಿನ್ನೆ ಊಟಕ್ಕೆ ಕೂತ ನೆಂಟರ ಮುಂದೆ ನೀನು ನನ್ನನ್ನು "ದುಡಿಯೋಕೆ ಮೈಗಳ್ಳ, ತಿನ್ನೋಕೂ ನಾಟಕ" ಅಂದೆ. ಎಲ್ಲರೂ ನಕ್ಕರು.

ನಾನು ನಿಂತು ಉಣ್ಣುವುದು, ತುತ್ತಿಗೊಮ್ಮೆ ನೀರು ಕುಡಿಯುವುದು ಸೊಕ್ಕಿಗಲ್ಲ. ಅನ್ನನಾಳದ ತುದಿಯ ಸ್ನಾಯು ಬಿಗಿದುಕೊಂಡಿದೆ, ನುಂಗಿದರೂ ತುತ್ತಿಗೆ ದಾರಿ ಬಿಡುವುದಿಲ್ಲ. ಅದು ನಮ್ಮ ಮಾತು ಕೇಳುವ ಸ್ನಾಯು ಅಲ್ಲವಂತೆ. ನೀನು ಬೈದರೂ ಅಷ್ಟೇ.

ಇವತ್ತು ಆಸ್ಪತ್ರೆಯಲ್ಲಿ ಒಳಗೆ ಬಲೂನು ಇಳಿಸಿ, ಉಬ್ಬಿಸಿ ಹಿಗ್ಗಿಸುತ್ತಾರೆ. ನನಗೆ ಟೀ ಇಡಬೇಡ, ಖಾಲಿ ಹೊಟ್ಟೆಯಲ್ಲಿ ಬಾ ಅಂದಿದ್ದಾರೆ. ಇವತ್ತು ಕೆಲಸಕ್ಕೆ ಬರುವುದಿಲ್ಲ ಎಂದು ವೆಲ್ಡಿಂಗ್ ಅಂಗಡಿಗೆ ಹೇಳಿದ್ದೇನೆ. ಅಡುಗೆಯ ಗ್ಯಾಸ್ ಸಿಲಿಂಡರ್ ಬರುತ್ತದೆ, ಮನೆಯಲ್ಲೇ ಇರು.

ಜೊತೆಗೆ ಯಾರಿದ್ದಾರೆ ಎಂದು ಫಾರಂನಲ್ಲಿ ಕೇಳಿದ್ದರು. ಬೇರೆ ಯಾರೂ ಹೊಳೆಯಲಿಲ್ಲ, ನಿನ್ನ ನಂಬರು ಬರೆದೆ. ಫೋನು ಬಂದರೆ ಎತ್ತು.

ಬಚ್ಚಲಿಂದ "ಬೆಳಿಗ್ಗೆನೇ ಎಲ್ಲಿಗೋ ಸವಾರಿ?" ಅಂತ ಕೂಗುತ್ತಿದ್ದೀಯ. ಈ ಚೀಟಿಯನ್ನು ಟೀ ಪುಡಿ ಡಬ್ಬಿಯ ಕೆಳಗಿಟ್ಟು ಹೊರಟೆ.